ಇದ್ದಲಿ ಬದಲಿಸಿದ್ದು ಯಾವಾಗ ಅಂತ ಕೇಳಿ

ವಿಜಯಪುರದಿಂದ ತಿಕೋಟಾ ಕಡೆ ಹೋಗಿ, ಬಬಲೇಶ್ವರ ಕಡೆ ಹೋಗಿ, ದಾರಿಯ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಕಾಣುತ್ತವೆ. ನಾಣ್ಯ ಹಾಕುತ್ತೇವೆ, ಕ್ಯಾನ್ ತುಂಬಿಸುತ್ತೇವೆ, ಬೈಕಿಗೆ ಕಟ್ಟಿಕೊಂಡು ಮನೆಗೆ ಬರುತ್ತೇವೆ. ಒಳಗೆ ನಿಂತಿರುವ ಉದ್ದನೆಯ ಸಿಲಿಂಡರ್‌ಗಳಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ಈಚೆಗೆ ಒಂದು ಊರಲ್ಲಿ ನಾವು ಕೇಳಿದೆವು.

"ಒಂದರಾಗ ಉಸುಕು, ಇನ್ನೊಂದರಾಗ ಇದ್ದಲಿ ಐತ್ರಿ" ಎಂದರು ನೋಡಿಕೊಳ್ಳುವವರು. ಇದ್ದಲಿ ಬದಲಿಸಿದ್ದು ಯಾವಾಗ? "ನಾ ಬಂದಾಗಿಂದ ಇದ ಐತ್ರಿ." ನೀವು ಬಂದು ಎಷ್ಟು ದಿನ ಆಯ್ತು? "ನಾಕ್ ವರ್ಷ."

ನಮ್ಮ ತಕರಾರು ಈ ನಾಲ್ಕು ವರ್ಷದ ಬಗ್ಗೆಯೇ.

ಅದು ಒಲೆಯ ಇದ್ದಲಿ ಅಲ್ಲ. ತೆಂಗಿನ ಚಿಪ್ಪನ್ನೋ ಕಲ್ಲಿದ್ದಲನ್ನೋ ಸುಟ್ಟು, ವಿಪರೀತ ಶಾಖದಲ್ಲಿ ಹಬೆ ಹಾಯಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಮಾಡಿರುತ್ತಾರೆ. ಇದೇ ಆಕ್ಟಿವೇಟೆಡ್ ಕಾರ್ಬನ್. ಒಂದು ಗ್ರಾಂನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ನಮ್ಮ ಹೊಲದ ಲೆಕ್ಕದಲ್ಲಿ 10 ಗುಂಟೆ! ನೀರಿನ ವಾಸನೆ, ಬಣ್ಣ, ಹಲವು ಕೀಟನಾಶಕಗಳು ಅಲ್ಲಿ ಅಂಟಿಕೊಳ್ಳುತ್ತವೆ. ಕ್ಲೋರಿನ್ ಕೂಡ ಅಲ್ಲೇ ಮುಗಿಯುತ್ತದೆ. ದ್ರಾಕ್ಷಿ ಪಡಕ್ಕೆ ಮೇಲಿಂದ ಮೇಲೆ ಔಷಧ ಹೊಡೆಯುವ ನಮ್ಮ ಕಡೆ ಇದು ಸಣ್ಣ ಉಪಕಾರವಲ್ಲ.

ಆದರೆ ಆ 10 ಗುಂಟೆಯೂ ಒಂದು ದಿನ ತುಂಬುತ್ತದೆ. ಆಮೇಲೆ ನೀರು ಸುಮ್ಮನೆ ಹಾದು ಹೋಗುತ್ತದೆ. ಹಿಡಿದಿಟ್ಟ ಕೊಳೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕ್ಲೋರಿನ್ ಬೆರೆಸಿದ ನೀರಾದರೆ ಅದು ಹಾಗೇ ಮುಂದೆ ಹೋಗಿ ಆರ್‌ಓ ಪೊರೆಯನ್ನೂ ಕೆಡಿಸುತ್ತದೆ.

ಇನ್ನೊಂದು ಮಾತು. ನಲ್ಲಿಗೆ ಸಿಕ್ಕಿಸುವ ಸಣ್ಣ ಕಾರ್ಬನ್ ಫಿಲ್ಟರ್ ತಂದು 'ಇನ್ನ ಚಿಂತಿ ಇಲ್ಲ' ಎನ್ನುವವರಿದ್ದಾರೆ. ಕಾರ್ಬನ್ ಸವಳು ತೆಗೆಯುವುದಿಲ್ಲ, ಫ್ಲೋರೈಡ್ ತೆಗೆಯುವುದಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ಗಳಲ್ಲಿ ಇರುವುದು ಅವೆರಡೇ. ತೊರವಿಯಿಂದ ನಗರಕ್ಕೆ ನೀರು ತಂದ ಆದಿಲ್‌ಶಾಹಿಗಳು ದಾರಿಯಲ್ಲಿ ಗಂಜ್ ಕಟ್ಟಿ, ಕೆಸರು ತಳಕ್ಕೆ ಕೂರುವಂತೆ ಮಾಡಿದ್ದರು. ಕೆಸರು ಕಾಣುತ್ತದೆ, ಫ್ಲೋರೈಡ್ ಕಾಣದು, ರುಚಿಗೂ ಸಿಗದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಾಗ 1.5. ಅದನ್ನು ಮೀರಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ, ಇನ್ನೂ ಹೆಚ್ಚಿದ್ದರೆ ಎಲುಬಿಗೆ ಇಳಿಯುತ್ತದೆ. ಕುದಿಸಿದರೂ ಹೋಗುವುದಿಲ್ಲ. ಅದಕ್ಕೆ ಆರ್‌ಓ ಬೇಕು, ಇಲ್ಲವೇ ಆಕ್ಟಿವೇಟೆಡ್ ಅಲ್ಯುಮಿನಾ. ಹೆಸರು ಹತ್ತಿರ, ವಸ್ತು ಬೇರೆ. ಅಂಗಡಿಯವರು ಗೊಂದಲ ಮಾಡಿದರೆ ಮೋಸ ಹೋಗಬೇಡಿ.

ಜಲ ಜೀವನ್ ಮಿಷನ್‌ನಲ್ಲಿ ಊರಿನ ಹೆಣ್ಣುಮಕ್ಕಳಿಗೇ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸಿದ್ದಾರೆ. ಪಂಚಾಯತಿಯಲ್ಲಿ ವಿಚಾರಿಸಿ. ಘಟಕಕ್ಕೆ ಬರುವುದು ಕ್ಲೋರಿನ್ ಹಾಕಿದ ನೀರಾದರೆ ಪರೀಕ್ಷೆ ಸುಲಭ: ಇದ್ದಲಿಯ ಸಿಲಿಂಡರ್‌ ದಾಟಿದ ಮೇಲೂ ಕ್ಲೋರಿನ್ ಸಿಕ್ಕರೆ ಇದ್ದಲಿ ಮುಗಿದಿದೆ ಎಂದೇ ಲೆಕ್ಕ. ಹಾಂ, ಕ್ಲೋರಿನ್ ಹೋದ ನೀರಿಗೆ ಕಾವಲಿಲ್ಲ. ಪಾಚಿ ಹಿಡಿದ ಕ್ಯಾನಿನಲ್ಲಿ ತುಂಬಿಸಿದರೆ ಘಟಕವನ್ನು ಬೈದು ಉಪಯೋಗವಿಲ್ಲ.

ಘಟಕದ ಗೋಡೆ ಮೇಲೆ ಕ್ಯಾನಿನ ದರ ಬರೆದಿರುತ್ತಾರೆ. ಅದರ ಕೆಳಗೆ ಇದ್ದಲಿ ಬದಲಿಸಿದ ದಿನಾಂಕ, ಕಡೆಯ ಪರೀಕ್ಷೆಯಲ್ಲಿ ಬಂದ ಫ್ಲೋರೈಡ್ ಪ್ರಮಾಣ, ಎರಡನ್ನೂ ಬರೆಯಲಿ. ಗ್ರಾಮಸಭೆಯಲ್ಲಿ ಎದ್ದು ಕೇಳಿ. ನಾವು ಹೋದ ಊರಲ್ಲಿ ಸದಸ್ಯರೊಬ್ಬರು "ಬರಸೂಣಂತ್ರಿ" ಎಂದಿದ್ದಾರೆ. ಬರುವ ತಿಂಗಳು ಹೋಗಿ ಗೋಡೆ ನೋಡಿ ಬರುತ್ತೇವೆ.