ಅವ್ವನ ನಿದ್ದೆ ಜೀತಕ್ಕೆ ಹೋಗಿದೆ



ಹಾಸ್ಟೆಲಿನಿಂದ ಊರಿಗೆ ಫೋನು ಮಾಡಿದಾಗಲೆಲ್ಲ ಅವ್ವ ಒಂದೇ ಮಾತು ಹೇಳ್ತಾಳೆ: "ನಾವು ಚೆನ್ನಾಗಿದೀವಿ ಕಣಪ್ಪ, ನೀನು ಓದ್ಕೊ." ನಾವು ನಂಬುತ್ತೇವೆ. ನಂಬಿದರೆ ನಮಗೂ ಸುಲಭ. ರಜೆಗೆ ಹೋದಾಗ ಗೊತ್ತಾಗ್ತದೆ, ಅವ್ವ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಾಳೆ. ಬೈಕಿನ ಸದ್ದಾದರೆ ಬೆಚ್ಚಿಬೀಳ್ತಾಳೆ. ಅಪ್ಪ ಕುಡಿದು ಬಂದು ಯಾರ ಮುಖವನ್ನೂ ನೋಡದೆ ಗೋಡೆ ಕಡೆ ತಿರುಗಿ ಮಲಗ್ತಾನೆ. ಕೇರಿಯವರು ಗಾಳಿ ಸೋಕಿದೆ ಅಂತಾರೆ. ತಾಯಿತಕ್ಕೆ ಮತ್ತೊಂದು ಕೈಸಾಲ.

ಸೋಕಿರುವುದು ಗಾಳಿಯಲ್ಲ, ವಾರದ ಕಂತು. ಮೈಕ್ರೋಫೈನಾನ್ಸಿನವರು ಹೆಂಗಸರ ಗುಂಪು ಕಟ್ಟಿಸಿ ಅಡಮಾನವಿಲ್ಲದೆ ಸಾಲ ಕೊಡ್ತಾರೆ. ಅಡಮಾನವಿಲ್ಲ ಅನ್ನುವುದು ಬರೀ ಸುಳ್ಳು. ಅಲ್ಲಿ ಅಡ ಇಟ್ಟಿರುವುದೇ ಮಾನ. ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಒತ್ತಡ. ನಿನ್ನೆಯವರೆಗೆ ಜೊತೆಯಲ್ಲಿ ಕಳೆ ಕೀಳಲು ಹೋಗುತ್ತಿದ್ದ ಚಿಕ್ಕವ್ವನೇ ಇವತ್ತು ಬಾಗಿಲಲ್ಲಿ ನಿಂತು ಬಯ್ಯುತ್ತಾಳೆ. ಅವಳ ತಪ್ಪಲ್ಲ, ಅವಳಿಗೂ ನಿದ್ದೆಯಿಲ್ಲ. 1976ರ ಕಾಯಿದೆ ಜೀತವನ್ನು ರದ್ದು ಮಾಡಿತು. ಗೌಡರ ಹಟ್ಟಿಯಿಂದ ಮಗ ಬಿಡುಗಡೆಯಾಗಿ ಕಾಲೇಜಿಗೆ ಬಂದ. ಈಗ ಅವ್ವನ ನಿದ್ದೆ ಜೀತಕ್ಕೆ ಹೋಗಿದೆ.

ಇನ್ನು ನಾವು? ವೇದಿಕೆ ಹತ್ತಿ ಶೋಷಣೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ಮನೆಗೆ ಬಂದು "ಅವ್ವ, ಅನ್ನ ಹಾಕು" ಅಂತೀವಿ. ಬಾಬಾಸಾಹೇಬರ ಐವರು ಮಕ್ಕಳಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲೇ ಹೋದರು. ಆ ನೋವನ್ನೆಲ್ಲ ಒಡಲಲ್ಲಿ ಇಟ್ಟುಕೊಂಡು ರಮಾಬಾಯಿಯವರು 1935ರಲ್ಲಿ ತೀರಿಕೊಂಡರು. 1940ರಲ್ಲಿ ಬಾಬಾಸಾಹೇಬರು ಪಾಕಿಸ್ತಾನದ ಪ್ರಶ್ನೆ ಕುರಿತ ತಮ್ಮ ಪುಸ್ತಕವನ್ನು ಆಕೆಯ ನೆನಪಿಗೆ ಅರ್ಪಿಸಿದರು. ನಾವು ರಮಾಯಿಯ ಪಟಕ್ಕೆ ಹಾರ ಹಾಕ್ತೀವಿ, ನಮ್ಮ ಮನೆಯ ರಮಾಯಿಯನ್ನು ಮಾತ್ರ ಕೇಳೋದಿಲ್ಲ.

ಈ ರಜೆಯಲ್ಲಿ ಅವ್ವನ ಪಕ್ಕ ಒಲೆ ಮುಂದೆ ಕೂತ್ಕೊಳ್ಳಿ. ಬುದ್ಧಿ ಹೇಳಬೇಡಿ, ಭಾಷಣ ಬೇಡ. ಅವಳು ಅತ್ತರೆ ಅಳಲಿ. ಆಮೇಲೆ ಪಾಸ್‌ಬುಕ್ಕು, ಚೀಟಿ ಎಲ್ಲ ಹರಡಿ ಯಾರಿಗೆ ಎಷ್ಟು ಅಂತ ಲೆಕ್ಕ ಬರೆಯಿರಿ. ಕತ್ತಲಲ್ಲಿ ಬೆಟ್ಟದಂತೆ ಕಂಡ ಸಾಲ ಹಾಳೆಯ ಮೇಲೆ ಒಂದು ಅಂಕಿಯಾಗುತ್ತದೆ. ನಮ್ಮ ಓದು ಮನೆಗೆ ಮೊದಲು ಬಳಕೆಯಾಗಬೇಕಾದದ್ದು ಇಲ್ಲೇ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಇಂಥ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ, ಬಯ್ಯುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ. 2025ರಲ್ಲಿ ಕರ್ನಾಟಕ ಸರ್ಕಾರ ತಂದ ಕಾಯಿದೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಇದನ್ನು ಅವ್ವನಿಗೊಬ್ಬಳಿಗೇ ಅಲ್ಲ, ಆ ಚಿಕ್ಕವ್ವನನ್ನೂ ಕರೆದು ಓದಿ ಹೇಳಿ. ಗುಂಪು ಒಟ್ಟಿಗೆ ಕೂತರೆ ಅರ್ಧ ಅವಮಾನ ಅಲ್ಲೇ ಕರಗ್ತದೆ.

ಇಷ್ಟಾದರೂ ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರನ್ನು, ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡಬೇಡಿ. ಮಂತ್ರವಾದಿಯ ಹತ್ತಿರ ಅಲ್ಲ, ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಹಳ್ಳಿಯವರ ಮನಸ್ಸಿನ ಕಾಯಿಲೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮದ್ದು ಕೊಡಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 14416ಕ್ಕೆ ಫೋನು ಮಾಡಿದರೆ ಕಾಸಿಲ್ಲದೆ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡ್ತಾರೆ. ಹಾಸ್ಟೆಲಿನಲ್ಲಿ ಒಬ್ಬನೇ ಕೂತು ಕೊರಗುವ ಗೆಳೆಯನಿಗೂ ಅದೇ ನಂಬರು.

ರಜೆ ಮುಗಿಸಿ ಬಂದವರು ಕಂಡದ್ದನ್ನು ಬರೆದು ಕೊಡಿ. ಹೆಸರು ಬೇಡ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇವೆ.