ಹರೆಯದ ಎದೆನೋವು, ಕೈಜಾರುವ ಗಂಟೆಗಳು

ಮೂವತ್ತು ಮೂವತ್ತೈದರ ಪ್ರಾಯದವರು ಎದೆ ಹಿಡಿದುಕೊಂಡು ಕೂತರೆ ಮನೆಯವರ ಬಾಯಿಗೆ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು’ ಎಂಬುದೇ. ಚಿಕ್ಕ ವಯಸ್ಸಿನವರ ಹೃದಯಾಘಾತದ ಸುದ್ದಿ ಕೇಳಿ ಕೇಳಿ ಈಗೀಗ ಇಸಿಜಿಯನ್ನಾದರೂ ಮಾಡಿಸುತ್ತಿದ್ದೇವೆ. ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಇಸಿಜಿ ಸರಿಯಿದೆ ಎಂದು ಮನೆಗೆ ಕಳಿಸಿದವರಲ್ಲೂ ಕೆಲವರು ಉಳಿಯುವುದಿಲ್ಲ. ಅಂಥ ಕೆಲವರ ತೊಂದರೆ ಹೃದಯದ ರಕ್ತನಾಳ ಕಟ್ಟಿಕೊಂಡದ್ದಲ್ಲ, ಹೃದಯದಿಂದ ಹೊರಟು ಇಡೀ ಮೈಗೆ ರಕ್ತ ಒಯ್ಯುವ ಮಹಾಧಮನಿಯೇ ಸೀಳಿದ್ದು.

ನ್ಯೂಯಾರ್ಕಿನ ರಂಗಸಂಗೀತಕಾರ ಜೊನಾಥನ್ ಲಾರ್ಸನ್‌ಗೆ ಆದದ್ದು ಇದೇ. 1996ರ ಜನವರಿಯಲ್ಲಿ, ತನ್ನ ‘ರೆಂಟ್’ ನಾಟಕದ ತಾಲೀಮು ನಡೆಯುತ್ತಿದ್ದಾಗ ಆತನಿಗೆ ವಿಪರೀತ ಎದೆನೋವು ಬಂತು. ಕೆಲವೇ ದಿನಗಳ ಅಂತರದಲ್ಲಿ ಎರಡು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಹೋದ. ಎಕ್ಸ್‌ರೇ ಆಯಿತು, ಇಸಿಜಿ ಆಯಿತು. ಒಂದು ಕಡೆ ಊಟದ ದೋಷ ಎಂದರು, ಇನ್ನೊಂದು ಕಡೆ ವೈರಲ್ ಜ್ವರ ಎಂದರು. ನಾಟಕ ಮೊದಲ ಬಾರಿಗೆ ಪ್ರೇಕ್ಷಕರೆದುರು ಬರಬೇಕಿದ್ದ ಜನವರಿ 25ರ ಬೆಳಗಿನ ಜಾವ ಆತ ಮನೆಯಲ್ಲೇ ತೀರಿಕೊಂಡ. ವಯಸ್ಸು 35. ಅದೇ ವರ್ಷ ಆ ನಾಟಕಕ್ಕೆ ಪುಲಿಟ್ಜರ್ ಬಂತು. ವಿಚಾರಣೆ ನಡೆಸಿದ ರಾಜ್ಯದ ಆರೋಗ್ಯ ಇಲಾಖೆ ಎರಡೂ ಆಸ್ಪತ್ರೆಗಳಿಗೆ ದಂಡ ಹಾಕಿತು.

ಮಹಾಧಮನಿಯ ಗೋಡೆಗೆ ಮೂರು ಪದರ. ಒಳಪದರ ಹರಿದರೆ, ಬಿರುಕಿಗೆ ನೀರಿಳಿದು ಗೋಡೆಯ ಗಿಲಾವು ಎದ್ದುಬರುವಂತೆ, ರಕ್ತ ಪದರಗಳ ನಡುವೆ ನುಗ್ಗುತ್ತ ಅವನ್ನು ಬೇರ್ಪಡಿಸುತ್ತ ಹೋಗುತ್ತದೆ. ದಾರಿಯಲ್ಲಿ ಮೆದುಳಿಗೆ, ಕೈಗೆ, ಮೂತ್ರಪಿಂಡಕ್ಕೆ ಹೋಗುವ ಕವಲುಗಳು ಮುಚ್ಚಬಹುದು. ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿದರೆ ಹೃದಯ ಹಿಗ್ಗಲಾರದೆ ನಿಂತೇ ಹೋಗುತ್ತದೆ. ಸೀಳು ಹೃದಯಕ್ಕೆ ಹತ್ತಿರದ ಏರುಭಾಗದಲ್ಲಿದ್ದರೆ, ಚಿಕಿತ್ಸೆ ಸಿಗದ ಪ್ರತಿ ಗಂಟೆಗೂ ಸಾವಿನ ಸಂಭವ ಶೇಕಡಾ 1ರಿಂದ 2ರಷ್ಟು ಏರುತ್ತದೆ ಎಂಬುದು ವೈದ್ಯರು ಬಹುಕಾಲದಿಂದ ಹಿಡಿದಿರುವ ಲೆಕ್ಕ. ಅದಕ್ಕೆ ಇರುವ ದಾರಿ ತುರ್ತು ಶಸ್ತ್ರಚಿಕಿತ್ಸೆ.

ಆ ಶಸ್ತ್ರಚಿಕಿತ್ಸೆ ಸಣ್ಣದಲ್ಲ. ಎದೆಗೂಡು ತೆರೆದು, ಹೃದಯ–ಶ್ವಾಸಕೋಶದ ಕೆಲಸವನ್ನು ಯಂತ್ರಕ್ಕೆ ವಹಿಸಿ, ಮೈಯನ್ನು ತಣ್ಣಗಾಗಿಸಿ, ಸ್ವಲ್ಪ ಹೊತ್ತು ದೇಹದ ರಕ್ತಸಂಚಾರವನ್ನೇ ನಿಲ್ಲಿಸುತ್ತಾರೆ. ಆ ಹೊತ್ತಿನಲ್ಲಿ ಮೆದುಳಿಗೆ ಬೇರೆ ಕೊಳವೆಯಿಂದ ರಕ್ತ ಕಳಿಸುವುದುಂಟು. ಹರಿದ ಭಾಗ ಕತ್ತರಿಸಿ ಆ ಜಾಗಕ್ಕೆ ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಈ ಕೊಳವೆಗಳನ್ನು 1950ರ ದಶಕದಲ್ಲಿ ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಹೊಲಿದು ನೋಡಿದವರು ಅಮೆರಿಕದ ಹ್ಯೂಸ್ಟನ್ನಿನ ಡಾ. ಮೈಕೆಲ್ ಡಿಬೇಕಿ. ಮುಂದೆ 97ರ ವಯಸ್ಸಿನಲ್ಲಿ ಅವರಿಗೇ ಮಹಾಧಮನಿ ಸೀಳಿತು. 2006ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಎರಡು ವರ್ಷ ಬದುಕಿದರು. ತೊಂಬತ್ತೇಳರ ಜೀವವನ್ನು ಉಳಿಸಬಲ್ಲ ವಿದ್ಯೆ ಕೈಯಲ್ಲಿರುವಾಗ, ರೋಗ ಗುರುತಿಸಲಿಲ್ಲವೆಂಬ ಕಾರಣಕ್ಕೆ ಮೂವತ್ತೈದರವರನ್ನು ಕಳೆದುಕೊಳ್ಳುವುದನ್ನು ಹಣೆಬರಹ ಎನ್ನಲಾಗದು.

ಹರೆಯದವರಿಗೆ ಈ ಶಸ್ತ್ರಚಿಕಿತ್ಸೆಯ ಲೆಕ್ಕಾಚಾರವೂ ಬೇರೆ, ಯಾಕೆಂದರೆ ಮುಂದೆ ಬಾಳಬೇಕಾದ ವರ್ಷಗಳು ಬಹಳ. ಮಹಾಧಮನಿಯ ಬುಡದ ಜೊತೆ ಕವಾಟವನ್ನೂ ಬದಲಿಸಿ ಲೋಹದ್ದನ್ನು ಕೂರಿಸಿದರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಜೀವನಪರ್ಯಂತ. ಮಗು ಬೇಕೆನ್ನುವ ಹೆಣ್ಣುಮಗಳಿಗೆ ಇದು ದೊಡ್ಡ ತೊಡಕು, ಆ ಮಾತ್ರೆ ಹೊಟ್ಟೆಯಲ್ಲಿರುವ ಶಿಶುವಿಗೆ ಅಪಾಯ. ಪ್ರಾಣಿ ಅಂಗಾಂಶದ ಕವಾಟ ಎಳೆಯ ದೇಹದಲ್ಲಿ ಬೇಗ ಸವೆಯುತ್ತದೆ. ಸ್ವಂತ ಕವಾಟವನ್ನೇ ಉಳಿಸಿಕೊಂಡು ಬುಡ ಬದಲಿಸುವ ವಿಧಾನವನ್ನು ಟೊರಾಂಟೊದ ಡಾ. ಟಿರೋನ್ ಡೇವಿಡ್ ರೂಪಿಸಿದ್ದಾರೆ. ಪಳಗಿದ ಕೈಗಳಿರುವ ಕಡೆ ಅದು ಸಾಧ್ಯ. ಯಾವುದನ್ನೇ ಮಾಡಲಿ, ಕೆಳಗಿನ ಭಾಗದಲ್ಲಿ ಸೀಳು ಉಳಿದಿರಬಹುದಾದ್ದರಿಂದ ರಕ್ತದೊತ್ತಡದ ಹತೋಟಿ, ನಿಗದಿತ ಸ್ಕ್ಯಾನ್ ಬದುಕಿನುದ್ದಕ್ಕೂ ಬೇಕು.

ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ ಸೀಳುತ್ತದೆ? ಮಹಾಧಮನಿ ಸೀಳಿದವರ ವಿವರ ದಾಖಲಿಸಲು 1996ರಲ್ಲಿ ಶುರುವಾದ ಅಂತರರಾಷ್ಟ್ರೀಯ ನೋಂದಣಿಯ ಒಂದು ವಿಶ್ಲೇಷಣೆಯಲ್ಲಿ ರೋಗಿಗಳ ಪೈಕಿ 40ರೊಳಗಿನವರು ಶೇಕಡಾ 7. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾರ್ಫಾನ್ ಸಿಂಡ್ರೋಮ್ ಇತ್ತು, ಅಧಿಕ ರಕ್ತದೊತ್ತಡ ಇದ್ದದ್ದು ಮೂವರಲ್ಲಿ ಒಬ್ಬರಿಗೆ ಮಾತ್ರ. ಮಾರ್ಫಾನ್ ವಂಶವಾಹಿಯ ದೋಷ. ಅಸಾಧಾರಣ ಎತ್ತರ, ನೀಳ ಕೈಬೆರಳು, ಬಾಗಿದ ಬೆನ್ನು, ಜಾರಿದ ಕಣ್ಣಿನ ಮಸೂರ ಇದರ ಗುರುತುಗಳು. ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಬೆಂಚಿನ ಮೇಲೆ ಕುಸಿದು ಸತ್ತಾಗ ಮೊದಲು ಹೃದಯಾಘಾತ ಎಂದೇ ತಿಳಿದರು. ಆಕೆಗೆ 31 ವರ್ಷ. ಮರಣೋತ್ತರ ಪರೀಕ್ಷೆಯಲ್ಲಿ ಮಾರ್ಫಾನ್ ಮತ್ತು ಮಹಾಧಮನಿ ಸೀಳು ಬಯಲಾಯಿತು. ಆಮೇಲೆ ಆಕೆಯ ತಮ್ಮನನ್ನು ಪರೀಕ್ಷಿಸಿದಾಗ ಅವನಿಗೂ ದೋಷ ಇರುವುದು ಕಂಡು, ಶಸ್ತ್ರಚಿಕಿತ್ಸೆಯಾಯಿತು.

ಹಾಗಾಗಿ ಒಬ್ಬರಿಗೆ ಸೀಳಿದೆ ಎಂದು ತಿಳಿದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಎಕೋ ಆಗಬೇಕು. ಮಹಾಧಮನಿ ಹಿಗ್ಗಿರುವುದು ಮೊದಲೇ ಗೊತ್ತಾದರೆ, ಸುಮಾರು 5 ಸೆಂಟಿಮೀಟರ್ ಮುಟ್ಟುವಾಗ ಯೋಜಿಸಿ ಮಾಡುವ ಶಸ್ತ್ರಚಿಕಿತ್ಸೆಯ ಅಪಾಯ, ಸೀಳಿದ ಮೇಲೆ ಮಾಡುವುದರ ಎದುರು ತೀರಾ ಕಡಿಮೆ.

ಸೀಳನ್ನು ಹೊತ್ತಿಗೆ ಸರಿಯಾಗಿ ಗುರುತಿಸಬೇಕೆಂದು ಕರ್ನಾಟಕದಲ್ಲಿ ಒತ್ತಿ ಹೇಳಲು ಕಾರಣವಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮಾಡಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೃದಯಾಘಾತವಾದ ಬಡವರಿಗೆ ಇದು ಜೀವದಾನ. ಆದರೆ ಸೀಳು ಹೃದಯದ ರಕ್ತನಾಳದ ಬಾಯಿಗೆ ತಲುಪಿದರೆ ಇಸಿಜಿಯಲ್ಲಿ ಹೃದಯಾಘಾತದಂತೆಯೇ ಕಾಣಬಹುದು. ಆಗ ಅದೇ ಇಂಜೆಕ್ಷನ್ ಪ್ರಾಣಕ್ಕೇ ಎರವಾಗುತ್ತದೆ.

ಆದ್ದರಿಂದ ಸೂಜಿ ಚುಚ್ಚುವ ಮುನ್ನ, ಮನೆಗೆ ಕಳಿಸುವ ಮುನ್ನ, ಎರಡು ನಿಮಿಷದ ಕೆಲಸ ಕಡ್ಡಾಯವಾಗಲಿ. ನೋವು ಒಮ್ಮೆಲೇ, ಶುರುವಿಗೇ ತಾಳಲಾರದಷ್ಟು ಜೋರಾಗಿ ಬಂತೇ, ಬೆನ್ನಿಗೆ ಹರಿಯಿತೇ ಎಂದು ಕೇಳಲಿ. ಎರಡೂ ತೋಳುಗಳ ಬಿಪಿ ಹೋಲಿಸಿ ನೋಡಲಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ತನೆ ಹೋದದ್ದುಂಟೇ ಎಂದು ವಿಚಾರಿಸಲಿ. ಅನುಮಾನ ಬಂದರೆ ಕಾಂಟ್ರಾಸ್ಟ್ ಸಿಟಿ ಮಾಡಿಸಲಿ, ಆ ಸೌಲಭ್ಯ ಇಲ್ಲದ ಕಡೆ ಬಿಪಿ ಇಳಿಸುತ್ತಲೇ ಆಂಬುಲೆನ್ಸ್ ಹತ್ತಿಸಲಿ, ಮುಂದಿನ ಆಸ್ಪತ್ರೆಯ ಶಸ್ತ್ರಚಿಕಿತ್ಸಕರಿಗೆ ಮೊದಲೇ ಫೋನ್ ಹೋಗಲಿ. ಆರೋಗ್ಯ ಇಲಾಖೆ ಈ ಪ್ರಶ್ನೆಗಳನ್ನು ಅಚ್ಚು ಹಾಕಿಸಿ ರಾಜ್ಯದ ಪ್ರತಿ ತುರ್ತು ವಿಭಾಗದ ಗೋಡೆಗೂ ಅಂಟಿಸಲಿ. ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಬಜೆಟ್ಟೂ ಬೇಡ.