ನಳದ ಚಾವಿ ಯಾರ ಕೈಯಲ್ಲಿರಬೇಕು?

ಹುಬ್ಬಳ್ಳಿಯವರ ಬಾಯಲ್ಲಿ ನೀರು ಬರುವುದಿಲ್ಲ, ನಳ ಬರುತ್ತದೆ. ‘ನಿಮ್ಮ ಓಣ್ಯಾಗ ನಳಾ ಬಂತೇನ್ರೀ?’ ಎಂಬ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಅರಿವೆ ಒಗೆಯುವುದು, ಊರಿಗೆ ಹೋಗುವುದು, ಬೀಗರನ್ನು ಕರೆಯುವುದು ಎಲ್ಲ ನಿಂತಿರುತ್ತದೆ. ವಾರಕ್ಕೊಮ್ಮೆ, ಕೆಲವೊಮ್ಮೆ ಹತ್ತು ದಿನಕ್ಕೊಮ್ಮೆ ನಳ ಬರುವ ಓಣಿಗಳಿರುವ ಇದೇ ಊರಿನಲ್ಲಿ 2007–08ರಿಂದ ಹಗಲಿರುಳು ನೀರು ಹರಿಯುವ ಬಡಾವಣೆಗಳೂ ಇವೆ. ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡ್‌ಗಳಲ್ಲಿ ಫ್ರಾನ್ಸ್ ಮೂಲದ ವಿಯೋಲಿಯಾ ಕಂಪನಿ ನಡೆಸಿದ ಪ್ರಯೋಗದ ಫಲ ಅದು. ಈಗ ಆ ಮೂರೂ ಊರುಗಳ ಉಳಿದ ಭಾಗದ ಕೆಲಸ ಎಲ್ ಅಂಡ್ ಟಿ ಕೈಯಲ್ಲಿದೆ. ಮಂಗಳೂರು, ದಾವಣಗೆರೆಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ‘ಜಲಸಿರಿ’ ಯೋಜನೆ ಸುಯೆಜ್ ಕಂಪನಿಯ ಪಾಲಾಯಿತು. ಇಂಥ ಗುತ್ತಿಗೆಯಲ್ಲಿ ಕೊಳವೆ ಹಾಕುವವರೇ ಮುಂದೆ ವರ್ಷಗಟ್ಟಲೆ ನೀರನ್ನೂ ಹಂಚುತ್ತಾರೆ.

ಇಂಥದೊಂದು ಕಡತ ನಾಳೆ ನಿಮ್ಮ ಊರಿನ ಪಾಲಿಕೆ ಸಭೆಗೆ ಬಂದರೆ ಸದಸ್ಯರು ಒಪ್ಪಬೇಕೆ, ಬೇಡವೆ? ನೀರು ಸರಬರಾಜಿನಲ್ಲೇ ಸೇವೆ ಸವೆಸಿದ ನಿವೃತ್ತ ಇಂಜಿನಿಯರ್ ಒಬ್ಬರು ಪರವಾಗಿ, ವಾರ್ಡಿನ ಬೈಗುಳ ಕೇಳಿಯೇ ಐದು ವರ್ಷ ಕಳೆದ ಪಾಲಿಕೆಯ ಮಾಜಿ ಸದಸ್ಯೆಯೊಬ್ಬರು ವಿರೋಧವಾಗಿ ವಾದಿಸಿದ್ದಾರೆ.

ಪರ: ಹೊಣೆ ಒಬ್ಬರ ತಲೆಗೆ ಕಟ್ಟಿ

ಉಳ್ಳವರ ಮನೆಗೆ ಇಪ್ಪತ್ನಾಲ್ಕು ತಾಸಿನ ನೀರು ಯಾವತ್ತೋ ಬಂದಾಗಿದೆ. ಅಂಗಳದ ಕೆಳಗೆ ಸಂಪು, ತಾರಸಿಯ ಮೇಲೆ ಸಿಂಟೆಕ್ಸ್, ನಡುವೆ ಒಂದು ಮೋಟಾರು. ನಳ ಎಂದು ಬಂತು, ಎಂದು ಹೋಯಿತು ಎಂಬುದು ಅವರಿಗೆ ಗೊತ್ತೂ ಆಗುವುದಿಲ್ಲ. ಅದು ಗೊತ್ತಾಗುವುದು ಸಂಪು ತೋಡಲು ಜಾಗವಿಲ್ಲದ ಎರಡು ಕೋಣೆಯ ಮನೆಯವರಿಗೆ. ನಡುರಾತ್ರಿ ಎರಡಕ್ಕೆ ನಳ ಬಂದರೆ ಎದ್ದು ಕೊಡ, ಹಂಡೆ, ಬ್ಯಾರಲ್ಲು ತುಂಬಿಸಿ, ಬೆಳಗಾದರೆ ದುಡಿಯಲು ಹೋಗುವ ಹೆಂಗಸಿಗೆ. ಖಾಸಗಿ ಗುತ್ತಿಗೆ ಬಂದರೆ ಬಡವರ ಗತಿ ಏನು ಎಂದು ಕೇಳುವವರು ಈ ನಿದ್ದೆಗೆಟ್ಟ ರಾತ್ರಿಗಳನ್ನೂ ಲೆಕ್ಕಕ್ಕೆ ಹಿಡಿಯಲಿ.

ಬಿಟ್ಟು ಬಿಟ್ಟು ನೀರು ಬಿಡುವ ಪದ್ಧತಿಯಲ್ಲಿ ನೀರಿಗೆ ಕಾಯುವ ಕಷ್ಟಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಕೊಳವೆಯಲ್ಲಿ ಸದಾ ಒತ್ತಡ ಇದ್ದರೆ ತೂತಿನಿಂದ ನೀರು ಹೊರಗೆ ಹೋಗುತ್ತದೆ. ವಾಲ್ವ್ ಮುಚ್ಚಿ ಕೊಳವೆ ಖಾಲಿಯಾಗುವಾಗ ಅದೇ ತೂತು ಹೊರಗಿನದನ್ನು ಒಳಗೆ ಹೀರುತ್ತದೆ. ನಮ್ಮ ಊರುಗಳಲ್ಲಿ ನೀರಿನ ಕೊಳವೆಯ ಮಗ್ಗುಲಲ್ಲೇ ಗಟಾರ ಇರುತ್ತದೆ. ಹಾಗಾಗಿ ಮರುಸಲ ನಳ ಬಂದಾಗ ಮೊದಲು ಬರುವುದು ಕೆಂಪು, ಕೆಲವೊಮ್ಮೆ ನಾರುವ ನೀರು. ಮೋಟಾರು ಹಚ್ಚಿ ನಳದಿಂದಲೇ ಎಳೆಯುವವರು ಆ ಹೀರಿಕೆಯನ್ನು ಇಮ್ಮಡಿ ಮಾಡುತ್ತಾರೆ. ಇದರ ಜೊತೆಗೆ, ಖಾಲಿ ಕೊಳವೆಯಲ್ಲಿ ಸೋರಿಕೆ ಹುಡುಕುವುದಾದರೂ ಹೇಗೆ? ನೀರಿಗೆ ಮುಂಚೆ ನುಗ್ಗುವ ಗಾಳಿಗೆ ಮೀಟರ್ ತಿರುಗಿದರೆ ಬಿಲ್ಲನ್ನು ನಂಬುವವರು ಯಾರು?

ನಿರಂತರ ನೀರು ಬಂದರೆ ಇದು ಬದಲಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿ-ಧಾರವಾಡವೇ ಪುರಾವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಸಂಶೋಧಕರು ಇಲ್ಲಿನ ಎರಡೂ ಬಗೆಯ ನಳಗಳ ನೀರನ್ನು ಪರೀಕ್ಷಿಸಿದ್ದರು. ಮಲದ ಸುಳಿವು ಕೊಡುವ ಇ-ಕೊಲೈ ನಿರಂತರ ನೀರಿನ ನಳಗಳಲ್ಲಿ ತೀರ ಅಪರೂಪವಾಗಿತ್ತು. ಬಿಟ್ಟು ಬಿಟ್ಟು ಬರುವ ನಳಗಳ ಮಾದರಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದರಲ್ಲಿ ಸಿಕ್ಕಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಿರಂತರ ನೀರಿನ ವಾರ್ಡ್‌ಗಳ ಮನೆಗಳಲ್ಲಿ ಟೈಫಾಯ್ಡ್ ಗಣನೀಯವಾಗಿ ಕಡಿಮೆ ಇತ್ತು. ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆಯಾಗಿತ್ತು.

ಇದನ್ನೆಲ್ಲ ಪಾಲಿಕೆಯೇ ಮಾಡಬಾರದೆ ಎಂದು ಕೇಳುತ್ತಾರೆ. ಮಾಡಬಹುದಿತ್ತು. ನಮ್ಮಲ್ಲಿ ಕೆಲಸ ನಡೆಯುವ ರೀತಿ ನೋಡಿ: ಕೊಳವೆ ಹಾಕಲು ಒಬ್ಬ ಗುತ್ತಿಗೆದಾರ, ಟ್ಯಾಂಕ್ ಕಟ್ಟಲು ಮತ್ತೊಬ್ಬ, ಮೀಟರ್ ಕೂರಿಸಲು ಮೂರನೆಯವ, ನೀರು ಬಿಡಲು ನಾಲ್ಕನೆಯ ಇಲಾಖೆ. ಹಾಕಿದ ಕೊಳವೆ ಸೋರಿದರೆ ಹಾಕಿದವನ ಬಿಲ್ಲು ಅಷ್ಟರೊಳಗೆ ಪಾಸಾಗಿರುತ್ತದೆ. ಹತ್ತು ಜನ ಇದ್ದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆ ಹುಟ್ಟಿದ್ದೇ ಪುರಸಭೆಯಲ್ಲಿರಬೇಕು.

ಕಟ್ಟಿದವನೇ ನಡೆಸಬೇಕು ಎಂಬ ಗುತ್ತಿಗೆಯಲ್ಲಿ ಈ ನುಣುಚಿಕೊಳ್ಳುವಿಕೆಗೆ ದಾರಿ ಇಲ್ಲ. ಇಂದು ಕಳಪೆ ಜೋಡಣೆ ಮಾಡಿದರೆ ನಾಳೆ ರಸ್ತೆ ಅಗೆದು ದುರಸ್ತಿ ಮಾಡುವವನೂ ಅವನೇ. ಎಷ್ಟು ಮನೆಗೆ ನೀರು ತಲುಪಿತು, ಸೋರಿಕೆ ಎಷ್ಟಕ್ಕಿಳಿಯಿತು, ದೂರು ಎಷ್ಟು ತಾಸಿನಲ್ಲಿ ಬಗೆಹರಿಯಿತು ಎಂಬುದನ್ನು ಅಳೆದು ಅದಕ್ಕೆ ತಕ್ಕ ಹಣ ಕೊಡಬಹುದು. ಕೊಳವೆ, ಟ್ಯಾಂಕು ಪಾಲಿಕೆಯ ಆಸ್ತಿಯಾಗಿಯೇ ಉಳಿಯುತ್ತವೆ. ದರ ನಿಗದಿಯೂ ಕಂಪನಿಯದಲ್ಲ. ನೀರು ಮಾರಿದರು, ನದಿ ಮಾರಿದರು ಎಂಬ ಘೋಷಣೆಗೆ ಇಲ್ಲಿ ಆಧಾರವೇ ಇಲ್ಲ.

ಪ್ಯಾರಿಸ್ ನಗರ 2010ರಲ್ಲಿ ಖಾಸಗಿ ಕಂಪನಿಗಳಿಂದ ನೀರನ್ನು ಮರಳಿ ಪಡೆದ ಕಥೆಯನ್ನು ಎಲ್ಲ ಭಾಷಣಗಳಲ್ಲೂ ಕೇಳುತ್ತೇವೆ. ಪ್ಯಾರಿಸ್ ಮರಳಿ ಪಡೆದದ್ದು ಇಪ್ಪತ್ನಾಲ್ಕು ತಾಸು ನೀರು ಹರಿಯುತ್ತಿದ್ದ ಜಾಲವನ್ನು. ನಾವು ಕಾಪಾಡಿಕೊಳ್ಳಲು ಹೊರಟಿರುವುದು ಎಂಥ ಜಾಲವನ್ನು? ವಾಲ್‌ಮನ್ ಚಾವಿ ಹಿಡಿದು ಬಂದರೆ ಓಣಿಗೆ ಓಣಿಯೇ ಅವನ ಹಿಂದೆ ಓಡುತ್ತದೆ. ಯಾರಿಗೆ ಅರ್ಧ ತಾಸು ಹೆಚ್ಚು, ಯಾರಿಗೆ ಕಡಿಮೆ ಎಂಬುದು ಕೆಲವೊಮ್ಮೆ ಅವನ ಮರ್ಜಿ, ಕೆಲವೊಮ್ಮೆ ಅವನಿಗೆ ಫೋನ್ ಮಾಡಿದವರ ಮರ್ಜಿ. ನಳದಲ್ಲಿ ಸದಾ ನೀರಿದ್ದರೆ ಆ ಚಾವಿಗೆ ಬೆಲೆಯೇ ಇರುವುದಿಲ್ಲ. ಕೆಲವರಿಗೆ ಈ ಗುತ್ತಿಗೆ ಬೇಡವಾಗಿರುವುದು ಅದಕ್ಕೂ ಇರಬಹುದು.

ವಿರೋಧ: ಕೆಲಸ ಕೊಡಿ, ಬುದ್ಧಿ ಕೊಡಬೇಡಿ

ಇಂಜಿನಿಯರ್ ಸಾಹೇಬರು ಹೇಳಿದ ಕೊಳವೆಯ ಶಾಸ್ತ್ರದಲ್ಲಿ ನನ್ನ ತಕರಾರಿಲ್ಲ. ಆದರೆ ಅವರ ಅರ್ಧ ಮಾತು ನಿರಂತರ ನೀರಿನ ಪರ ಇದೆ, ಗುತ್ತಿಗೆಯ ಪರ ಅಲ್ಲ. ಮನೆಯವರೆಲ್ಲ ಬಿಸಿ ಊಟ ಬೇಕೆಂದರೆ ಅಡುಗೆಮನೆಯನ್ನೇ ಖಾನಾವಳಿಯವರಿಗೆ ಬರೆದುಕೊಡಬೇಕೆಂದಿಲ್ಲ.

ಒಡಿಶಾದ ಪುರಿಯನ್ನು ನೋಡಿ. ರಥಯಾತ್ರೆಗೆ ಲಕ್ಷಾಂತರ ಮಂದಿ ಬಂದಿಳಿಯುವ ಆ ಊರಿನಲ್ಲಿ 2021ರ ಜುಲೈನಿಂದ ನಳಕ್ಕೆ ಬಾಯಿಟ್ಟು ಕುಡಿಯಬಹುದಾದ ನೀರು ಹಗಲಿರುಳು ಬರುವಂತೆ ಮಾಡಿದರು. ಅದನ್ನು ನಡೆಸುವುದು ರಾಜ್ಯ ಸರ್ಕಾರದ್ದೇ ಆದ ವಾಟ್ಕೊ ಸಂಸ್ಥೆ. ಮೀಟರ್ ಓದಿ, ಬಿಲ್ಲು ವಸೂಲು ಮಾಡಿ, ನೀರಿನ ಮಾದರಿ ಪರೀಕ್ಷಿಸುವವರು ‘ಜಲಸಾಥಿ’ ಎಂದು ಕರೆಸಿಕೊಳ್ಳುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಇನ್ನೂ ಹತ್ತಿರ ಬೇಕಿದ್ದರೆ ಮಹಾರಾಷ್ಟ್ರದ ಕರಾಡದ ಪಕ್ಕದ ಮಲಕಾಪುರವಿದೆ. ಆ ಪುಟ್ಟ ಊರು ಸರ್ಕಾರಿ ಇಂಜಿನಿಯರುಗಳನ್ನೇ ನಂಬಿ ಇಡೀ ದಿನ ನೀರು ಕೊಟ್ಟು ತೋರಿಸಿತು. ಇಂಜಿನಿಯರುಗಳು ನಮ್ಮಲ್ಲೂ ಇದ್ದಾರೆ. ಅವರಿಗೆ ಹಣ ಕೊಟ್ಟು, ಎರಡು ವರ್ಷಕ್ಕೊಮ್ಮೆ ವರ್ಗ ಮಾಡದೆ ಕೆಲಸ ಮಾಡಲು ಬಿಟ್ಟಿದ್ದೇವೆಯೇ? ಸಾಲದ ಹಣವೆಲ್ಲ ಕಂಪನಿಯ ಕಡತಕ್ಕೆ ಹೋಗಿ, ಪಾಲಿಕೆಗೆ ಹಳೆಯ ಕೊಳವೆ ಮತ್ತು ಹೊಸ ಬೈಗುಳ ಮಾತ್ರ ಉಳಿದರೆ ಸೋಲುವವರು ಯಾರೆಂದು ಮೊದಲೇ ಗೊತ್ತಿರುತ್ತದೆ.

ಹುಬ್ಬಳ್ಳಿ-ಧಾರವಾಡದ ಪ್ರಯೋಗ ನಡೆದದ್ದು ಆಗಿನ 67 ವಾರ್ಡ್‌ಗಳ ಪೈಕಿ 8ರಲ್ಲಿ. ಊರಿನ ಹತ್ತರಲ್ಲೊಂದು ಪಾಲಿಗೆ ಹೊಸ ಕೊಳವೆ, ಬೇಕಾದಷ್ಟು ನೀರು, ಎಲ್ಲರ ಕಣ್ಗಾವಲು. ಒಂದು ಮಡಿಗೆ ಕಾಲುವೆಯ ನೀರನ್ನೆಲ್ಲ ತಿರುಗಿಸಿ, ಇಡೀ ಹೊಲ ಹೀಗೆಯೇ ಬೆಳೆಯುತ್ತದೆ ಎಂದು ಯಾವ ರೈತನೂ ಹೇಳುವುದಿಲ್ಲ. ಸಾಹೇಬರು ಎತ್ತಿದ 2015ರ ಅಧ್ಯಯನವನ್ನೇ ಇನ್ನಷ್ಟು ಓದಿದರೆ, ಸಣ್ಣ ಮಕ್ಕಳ ಒಟ್ಟಾರೆ ಅತಿಸಾರದಲ್ಲಿ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ ಎಂದೂ ಅಲ್ಲಿದೆ. ಸದಾ ನಳವಿದ್ದ ಮನೆಗಳಲ್ಲೂ ಜನ ನೀರು ತುಂಬಿಡುವುದನ್ನು ಬಿಟ್ಟಿರಲಿಲ್ಲ. ನಾಳೆಯೂ ನೀರು ಬರುತ್ತದೆ ಎಂಬ ನಂಬಿಕೆಯನ್ನು ಯಾವ ಕೊಳವೆಯೂ ಒಂದೇ ದಿನಕ್ಕೆ ತರುವುದಿಲ್ಲ.

ಮೈಸೂರು 2008ರಲ್ಲಿ ನೀರಿನ ಜಾಲ ಸುಧಾರಿಸಲು ಟಾಟಾ ಬಳಗದ ಜಸ್ಕೊ ಜೊತೆ ಒಪ್ಪಂದ ಮಾಡಿಕೊಂಡಿತು. ಪಾಲಿಕೆ ಸಭೆಗಳಲ್ಲಿ ವರ್ಷಗಟ್ಟಲೆ ವಾಗ್ವಾದ ನಡೆಯಿತು, ದಂಡ ಹಾಕುವ ಮಾತೂ ಬಂತು. ಕೊನೆಗೆ ಊರಿಗೆಲ್ಲ ಇಪ್ಪತ್ನಾಲ್ಕು ತಾಸಿನ ನೀರು ಬಾರದೆಯೇ ಆ ಅಧ್ಯಾಯ ಮುಗಿಯಿತು. ತಪ್ಪು ಕಂಪನಿಯದೋ ಪಾಲಿಕೆಯದೋ, ನಾನು ತೀರ್ಪು ಕೊಡಲಾರೆ. ‘ಹೊಣೆ ಒಬ್ಬರ ತಲೆಗೆ’ ಎಂಬ ಗುತ್ತಿಗೆಯಲ್ಲೂ ಹೊಣೆ ಯಾರದೆಂಬ ಜಗಳವೇ ಉಳಿಯಬಲ್ಲದು ಎಂಬುದಷ್ಟೇ ನನ್ನ ಮಾತು. ಮೈಸೂರಿನ ಪುಣ್ಯ, ಅದರ ಬಳಿ ಮಹಾರಾಜರ ಕಾಲದಿಂದ ನಡೆದು ಬಂದ ವಾಣಿ ವಿಲಾಸ ನೀರು ಸರಬರಾಜು ವಿಭಾಗ ಇತ್ತು. ಕೆಲಸ ಮರಳಿ ಬಂದಾಗ ಎತ್ತಿಕೊಳ್ಳಲು ಕೈಗಳಿದ್ದವು.

ಹುಬ್ಬಳ್ಳಿ-ಧಾರವಾಡಕ್ಕೆ ಆ ಪುಣ್ಯವಿಲ್ಲ. ಇಲ್ಲಿ ನೀರು ಪಾಲಿಕೆಯಿಂದ ಜಲಮಂಡಳಿಗೆ, 2022ರಲ್ಲಿ ಮಂಡಳಿಯಿಂದ ಕಂಪನಿಗೆ ಹೋಯಿತು. ಆಗ ಮಂಡಳಿಯ ಕೈಕೆಳಗೆ ದುಡಿಯುತ್ತಿದ್ದ ಗುತ್ತಿಗೆ ನೌಕರರು ಕೆಲಸಕ್ಕಾಗಿ, ಬಾಕಿಗಾಗಿ ಬೀದಿಗಿಳಿದಿದ್ದು ಎಲ್ಲರಿಗೂ ನೆನಪಿದೆ. ವಾಲ್‌ಮನ್ ಎಂದರೆ ಸಾಹೇಬರಿಗೆ ಮರ್ಜಿಯ ಮನುಷ್ಯ. ಯಾವ ಕೊಳವೆ ಯಾವ ಓಣಿಯ ಅಡಿಯಲ್ಲಿ ಎಲ್ಲಿ ತಿರುಗುತ್ತದೆ ಎಂಬ ನಕ್ಷೆ ಎಷ್ಟೋ ಕಡೆ ಕಾಗದದ ಮೇಲಿಲ್ಲ, ಅವನ ತಲೆಯಲ್ಲಿದೆ. ಚಾವಿ ಕಸಿಯುವ ಅವಸರದಲ್ಲಿ ಆ ತಲೆಯನ್ನೂ ಮನೆಗೆ ಕಳಿಸಿದರೆ, ಗುತ್ತಿಗೆ ಮುಗಿದ ದಿನ ಪಾಲಿಕೆಯ ಕೈಗೆ ಜಾಲ ಬರುತ್ತದೆ, ಅದನ್ನು ನಡೆಸುವ ತಿಳಿವಳಿಕೆ ಬರುವುದಿಲ್ಲ. ಪ್ಯಾರಿಸ್‌ನವರು ಮರಳಿ ಪಡೆದದ್ದು ಸುಮಾರು 25 ವರ್ಷದ ಒಪ್ಪಂದಗಳ ಅವಧಿ ಮುಗಿದಾಗ. ತೆಗೆದುಕೊಂಡು ನಡೆಸುವ ಶಕ್ತಿ ಊರಿಗಿದ್ದರೆ ಮಾತ್ರ ಅದು ಸಾಧ್ಯ.

ಇನ್ನು ಮೂಲದ ಮಾತು. ಈ ಅವಳಿ ನಗರಕ್ಕೆ ನೀರು ಬರುವುದು ಸವದತ್ತಿ ಬಳಿಯ ಮಲಪ್ರಭೆಯ ಜಲಾಶಯದಿಂದ ಮತ್ತು ಬೇಡ್ತಿಯ ನೀರಸಾಗರದಿಂದ. ಮಳೆ ಕೈಕೊಟ್ಟ ವರ್ಷ ನೀರಸಾಗರದ ತಳ ಕಂಡದ್ದೂ ಉಂಟು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕಳಸಾ-ಬಂಡೂರಿಗೆ 3.9 ಟಿಎಂಸಿ ಅಡಿ ನೀರು ಕೊಟ್ಟಿತಾದರೂ ಆ ನೀರು ಇನ್ನೂ ಮಲಪ್ರಭೆಯನ್ನು ಮುಟ್ಟಿಲ್ಲ. ಅಣೆಕಟ್ಟೆಯಲ್ಲಿ ನೀರಿಲ್ಲದಿದ್ದರೆ ಅದು ಕಂಪನಿಯ ತಪ್ಪಾಗುವುದಿಲ್ಲ. ಒಪ್ಪಂದದಲ್ಲಿ ಬರಗಾಲದ ಪಾಲು ಯಾವಾಗಲೂ ಪಾಲಿಕೆಗೆ.

ಕೊನೆಯದಾಗಿ, ‘ಪಾಲಿಕೆ ಸಭೆ ಒಪ್ಪಬೇಕೆ’ ಎಂಬ ಪ್ರಶ್ನೆ. ಸಭೆ ಇದ್ದರೆ ತಾನೆ? ಸಂವಿಧಾನದ 74ನೆಯ ತಿದ್ದುಪಡಿ ಕುಡಿಯುವ ನೀರನ್ನು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಪಾಲಿಕೆಗಳ ಸದಸ್ಯರ ಅವಧಿ 2019ರಲ್ಲಿ ಮುಗಿದರೆ ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿಗಂತೂ 2020ರ ಸೆಪ್ಟೆಂಬರಿನಿಂದ ವರ್ಷಗಟ್ಟಲೆ ಚುನಾಯಿತರೇ ಇಲ್ಲ. 2025ರಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಎಂದು ಸರ್ಕಾರ ತೀರ್ಮಾನಿಸಿತು. ನೀರಿನ ಗುತ್ತಿಗೆ ಎರಡೂ ಊರಿಗೆ ಸೇರಿದ್ದು. ಊರು ಮನೆ ಪಾಲು ಮಾಡಿಕೊಳ್ಳುವಾಗ ಸಾಲಪತ್ರ ಯಾರ ಪಾಲಿಗೆ?

ಕೊಳವೆ ಹಾಕಲು, ಟ್ಯಾಂಕ್ ಕಟ್ಟಲು ಬಲ್ಲವರಿಗೆ ಗುತ್ತಿಗೆ ಕೊಡಿ, ಐದು ವರ್ಷ ದುರಸ್ತಿಯ ಹೊಣೆಯನ್ನೂ ಹೊರಿಸಿ. ನೀರು ಬಿಡುವ, ಅಳೆಯುವ, ಬಿಲ್ಲು ಹಾಕುವ ಕೆಲಸ ಮನೆಯವರದೇ ಆಗಿರಲಿ. ಅದೂ ಆಗದು, ಕೊಡಲೇಬೇಕು ಎನ್ನುವುದಾದರೆ ಒಪ್ಪಂದ ಕನ್ನಡದಲ್ಲಿ ಸಭೆಯ ಮುಂದೆ ಬರಲಿ. ವಾರ್ಡ್‌ವಾರು ನೀರಿನ ಲೆಕ್ಕ ಪ್ರತಿ ತಿಂಗಳು ವಾರ್ಡ್ ಕಚೇರಿಯ ಗೋಡೆಯ ಮೇಲೆ ಕಾಣಲಿ. ಕಂಪನಿಯ ಪ್ರತಿ ಪಾಳಿಯಲ್ಲೂ ಪಾಲಿಕೆಯ ಒಬ್ಬ ಇಂಜಿನಿಯರ್ ಕೆಲಸ ಕಲಿಯುತ್ತಿರಲಿ.

ಯಾಕೆಂದರೆ ನಳ ಬಾರದ ದಿನ ಜನ ಕಂಪನಿಯ ಕಾಲ್‌ಸೆಂಟರಿಗೆ ಫೋನ್ ಮಾಡಿ ಸುಮ್ಮನಾಗುವುದಿಲ್ಲ. ಖಾಲಿ ಕೊಡ ಹಿಡಿದು ವಾರ್ಡಿನ ಮೆಂಬರರ ಬಾಗಿಲಿಗೇ ಬರುತ್ತಾರೆ. ಐದು ವರ್ಷ ಆ ಬಾಗಿಲು ತೆರೆದವಳು ನಾನು. ‘ನಳಾ ಯಾವಾಗ ಬರ್ತೈತ್ರಿ ಅಕ್ಕಾರ?’ ಎಂದು ಕೇಳಿದಾಗ ಬಾಗಿಲಲ್ಲಿ ನಿಂತವರಿಗೆ ಉತ್ತರ ಗೊತ್ತಿರಬೇಕು.